ಒಂದೇ ಒಂದು ಸೈಕಲ್ ಹಾಕಿ ಪಿಸಿಟಿ ಮಾಡಿದ್ರೆ ಬಾಡಿ ರೀಸೆಟ್ ಆಗುತ್ತಾ ಸರ್?

ಪ್ರಶ್ನೆ: ಸರ್ ನಂಗೆ 17 ವರ್ಷ, ಸೆಕೆಂಡ್ ಪಿಯುಸಿ. ಒಂದು ವರ್ಷದಿಂದ ಜಿಮ್ಮಿಗೆ ಹೋಗ್ತಿದೀನಿ, ಎಷ್ಟು ತಿಂದ್ರೂ ಸೈಜ್ ಬರ್ತಿಲ್ಲ. ಟ್ರೈನರ್ ಅಣ್ಣ ಎಂಟು ವಾರದ ಒಂದು ಟೆಸ್ಟೋ ಸೈಕಲ್ ಹಾಕು, ಆಮೇಲೆ ಪಿಸಿಟಿ ಮಾಡಿದ್ರೆ ಎಲ್ಲ ಮೊದಲಿನ ಥರ ಆಗುತ್ತೆ ಅಂತಾರೆ. ಒಂದೇ ಸೈಕಲ್ ಸರ್, ತೊಂದ್ರೆ ಇಲ್ಲ ಅಲ್ವಾ?

ಬೇಡ ಕಣಪ್ಪಾ. ಗೊತ್ತಿಲ್ಲದವರಿಗೆ ಮೊದ್ಲೇ ಹೇಳ್ಬಿಡ್ತೀನಿ, ಟೆಸ್ಟೋ ಅಂದ್ರೆ ಟೆಸ್ಟೋಸ್ಟಿರಾನ್, ಗಂಡು ಹಾರ್ಮೋನ್. ಸೈಕಲ್ ಅಂದ್ರೆ ಮಸಲ್ ಬೆಳೀಲಿ ಅಂತ ಇಂಥ ಸ್ಟಿರಾಯ್ಡ್‌ನ ಕೆಲವು ವಾರ ತಗೊಳ್ಳೋದು, ಪಿಸಿಟಿ ಅಂದ್ರೆ ಪೋಸ್ಟ್ ಸೈಕಲ್ ಥೆರಪಿ, ಸೈಕಲ್ ಮುಗಿದ ಮೇಲೆ ಹಾರ್ಮೋನ್ ಸರಿಹೋಗ್ಲಿ ಅಂತ ನುಂಗೋ ಮಾತ್ರೆ. ಇದೇ ಪ್ರಶ್ನೆ ಊರು, ವಯಸ್ಸು, ಔಷಧಿ ಹೆಸರು ಬದಲಾಯಿಸ್ಕೊಂಡು ಬರ್ತಾನೇ ಇರುತ್ತೆ, ಒಬ್ರು ಡೆಕಾ ಅಂತಾರೆ, ಒಬ್ರು ಡಯಾನಾಬೋಲ್ ಅಂತಾರೆ, ಕೊನೇ ಸಾಲು ಮಾತ್ರ ಎಲ್ರದ್ದೂ ಒಂದೇ, ಪಿಸಿಟಿ ಮಾಡಿದ್ರೆ ಸರಿಹೋಗುತ್ತೆ ಅಲ್ವಾ ಸರ್. ಮೊಡವೆ, ಕೂದಲು ಉದುರೋದು, ಲಿವರ್, ಹಾರ್ಟು, ಸಿಟ್ಟು, ಈ ಪಟ್ಟಿ ನಿಮಗೆಲ್ಲ ಬಾಯಿಪಾಠ ಆಗಿದೆ. ಅದೆಲ್ಲ ಗೊತ್ತಿದ್ದೂ ಸೂಜಿ ಹಿಡಿಯೋ ಧೈರ್ಯ ಬರೋದು ಈ ರೀಸೆಟ್ ಅನ್ನೋ ಮಾತಿಂದ. ಅದಕ್ಕೆ ಪಟ್ಟಿ ಪಕ್ಕಕ್ಕಿಟ್ಟು ಇವತ್ತು ಇದೊಂದನ್ನೇ ಕೂತು ಬಿಡಿಸಿ ಹೇಳ್ತೀನಿ.

ಬೆಳೆದ ಗಂಡಸಿನ ಮೈ ದಿನಕ್ಕೆ ಮಾಡ್ಕೊಳ್ಳೋ ಟೆಸ್ಟೋಸ್ಟಿರಾನ್ ಸುಮಾರು 6-7 ಮಿಲಿಗ್ರಾಂ. ಜಿಮ್ಮಲ್ಲಿ ಹೇಳಿಕೊಡೋ ‘ಬಿಗಿನರ್’ ಡೋಸು ವಾರಕ್ಕೆ 500 ಮಿಲಿಗ್ರಾಂ, ಅದ್ರಲ್ಲಿ ಈಸ್ಟರ್, ಅಂದ್ರೆ ಔಷಧಿ ನಿಧಾನವಾಗಿ ಮೈಗೆ ಸೇರ್ಲಿ ಅಂತ ಜೋಡಿಸಿರೋ ರಾಸಾಯನಿಕದ ತೂಕ ಕಳೆದ್ರೂ ಮೈ ತಾನೇ ಮಾಡೋದಕ್ಕಿಂತ ಏಳೆಂಟು ಪಟ್ಟು ಆಯ್ತು. ವೃಷಣಕ್ಕೆ ಕೆಲಸ ಮಾಡು ಅಂತ ಆರ್ಡರ್ ಕೊಡೋದು ಮೆದುಳಿನ ಕೆಳಗಿರೋ ಪಿಟ್ಯುಟರಿ ಗ್ರಂಥಿ, ಎಲ್‌ಎಚ್ ಮತ್ತೆ ಎಫ್‌ಎಸ್‌ಎಚ್ ಅನ್ನೋ ಎರಡು ಹಾರ್ಮೋನ್ ಕಳಿಸಿ. ರಕ್ತದಲ್ಲಿ ಇಷ್ಟೊಂದು ತೇಲ್ತಾ ಇದೆ ಅಂತ ಕಂಡ ತಕ್ಷಣ ಟ್ಯಾಂಕ್ ತುಂಬಿದಾಗ ಮೋಟರ್ ಆಫ್ ಆಗೋ ಥರ ಅದು ಸುಮ್ಮನಾಗುತ್ತೆ. ಕೆಲವೇ ವಾರದಲ್ಲಿ ಎಲ್‌ಎಚ್ ಹೆಚ್ಚುಕಮ್ಮಿ ಸೊನ್ನೆ, ವೃಷಣ ಸಣ್ಣಗಾಗುತ್ತೆ, ವೀರ್ಯಾಣು ಉತ್ಪತ್ತಿ ಕುಸಿಯುತ್ತೆ.

ಪಿಸಿಟಿ ಅಂತ ಕೊಡೋದು ಏನು? ಹೆಚ್ಚಾಗಿ ಕ್ಲೋಮಿಫೀನ್, ಟಮಾಕ್ಸಿಫೆನ್. ಮೊದಲನೇದು ಅಂಡಾಣು ಬಿಡುಗಡೆ ಆಗದ ಹೆಣ್ಣುಮಕ್ಕಳಿಗೆ ಕೊಡೋ ಮಾತ್ರೆ, ಎರಡನೇದು ಸ್ತನ ಕ್ಯಾನ್ಸರ್ ಮಾತ್ರೆ. ಇವು ಮೆದುಳಿಗೆ ಈಸ್ಟ್ರೋಜನ್ (ಹೆಣ್ಣು ಹಾರ್ಮೋನ್, ಗಂಡಸರಲ್ಲೂ ಸ್ವಲ್ಪ ಇರುತ್ತೆ) ಕಮ್ಮಿ ಇದೆ ಅನ್ನೋ ಹಾಗೆ ಕಾಣಿಸಿ ಪಿಟ್ಯುಟರಿನ ಎಬ್ಬಿಸೋಕೆ ನೋಡ್ತವೆ. ಅಷ್ಟೇ ಅದರ ಕೆಲಸ, ಅದಕ್ಕಿಂತ ಒಂದಿಂಚು ಮುಂದಕ್ಕಿಲ್ಲ. ಬೆಳೆದು ನಿಂತ 30 ವರ್ಷದವರಿಗೇ ಎದ್ದು ಕೂರೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ, ಕೆಲವರಿಗೆ ವರ್ಷ ದಾಟುತ್ತೆ, ಕೆಲವರಿಗೆ ಪೂರ್ತಿ ವಾಪಸ್ ಬರೋದೇ ಇಲ್ಲ. ನಿಂಗೆ 17, ಆ ವ್ಯವಸ್ಥೆ ಶುರುವಾಗಿದ್ದೇ ಮೊನ್ನೆ ಮೊನ್ನೆ, ಇನ್ನೂ ಪೂರ್ತಿ ಸೆಟ್ ಆಗದೇ ಇರೋದನ್ನ ರೀಸೆಟ್ ಮಾಡೋದು ಯಾವ ಲೆಕ್ಕಕ್ಕೆ?

ಇದು ಒಂದು ಕಡೆ ಇರ್ಲಿ. ನಿನ್ ಟ್ರೈನರ್ ಅಣ್ಣಂಗೆ ಗೊತ್ತಿಲ್ಲದೇ ಇರೋದು ಮೂಳೆ ವಿಷಯ.

ಹುಡುಗರ ಬೆಳವಣಿಗೆ ನೋಡ್ಬೇಕು ಅಂದ್ರೆ ನಾವು ಎಡಗೈದು ಒಂದು ಎಕ್ಸ್‌ರೇ ತೆಗೆಸ್ತೀವಿ. ಬೆಳಕಿಗೆ ಹಿಡಿದ್ರೆ ಪ್ರತಿ ಬೆರಳಿನ ಮೂಳೆ ತುದಿಯಲ್ಲೂ, ಮಣಿಕಟ್ಟಿನ ಹತ್ರ ಮುಂಗೈ ಮೂಳೆ ತುದಿಯಲ್ಲೂ, ಪೆನ್ಸಿಲಲ್ಲಿ ಎಳೆದ ಹಾಗೆ ಒಂದು ಸಣ್ಣ ಕಪ್ಪು ಗೆರೆ ಕಾಣುತ್ತೆ. ಅದು ಬಿರುಕಲ್ಲ, ಮೃದ್ವಸ್ಥಿ, ಮೂಳೆ ಉದ್ದ ಆಗೋದೇ ಅಲ್ಲಿಂದ, ಗ್ರೋತ್ ಪ್ಲೇಟ್ ಅಂತಾರೆ. ಗೆರೆ ಇದ್ರೆ ಎತ್ತರ ಇನ್ನೂ ಬಾಕಿ ಇದೆ ಅಂತ. ಗೆರೆ ಹೋಗಿ ಬರೀ ಬಿಳಿ ಮೂಳೆ ಕಂಡ್ರೆ ಮುಗೀತು, ಆಮೇಲೆ ಯಾವ ಮಾತ್ರೆಗೂ ಯಾವ ಸೂಜಿಗೂ ಆ ಗೆರೆ ವಾಪಸ್ ಬರಲ್ಲ.

ಆ ಗೆರೆ ಮುಚ್ಚಿಸೋದು ಈಸ್ಟ್ರೋಜನ್, ಹುಡುಗರಲ್ಲೂ ಅದೇ. ಟೆಸ್ಟೋಸ್ಟಿರಾನ್‌ನಲ್ಲಿ ಒಂದು ಪಾಲು ಮೈಯೊಳಗೆ ಈಸ್ಟ್ರೋಜನ್ ಆಗಿ ಬದಲಾಗುತ್ತೆ, ಹೊರಗಿಂದ ರಾಶಿ ಸುರಿದ್ರೆ ಅದೂ ರಾಶಿ ಆಗುತ್ತೆ. 1994ರಲ್ಲಿ ಒಬ್ಬ ಗಂಡಸಿನ ಕೇಸ್ ವೈದ್ಯಕೀಯ ಪತ್ರಿಕೇಲಿ ಬಂತು, ಹುಟ್ಟಿನಿಂದ್ಲೇ ಅವನ ಮೈಗೆ ಈಸ್ಟ್ರೋಜನ್ ತಾಗ್ತಾನೇ ಇರ್ಲಿಲ್ಲ, ಟೆಸ್ಟೋಸ್ಟಿರಾನ್ ಮಾತ್ರ ಮಾಮೂಲಾಗೇ ಇತ್ತು. 28 ವರ್ಷ, 204 ಸೆಂಟಿಮೀಟರ್, ಗೆರೆಗಳು ಮುಚ್ಚದೇ ಇನ್ನೂ ಬೆಳೀತಾನೇ ಇದ್ದ. ಅಲ್ಲೀವರೆಗೂ ಗಂಡಸರ ಎತ್ತರ ನಿಲ್ಲಿಸೋದು ಗಂಡು ಹಾರ್ಮೋನೇ ಅಂತ ಡಾಕ್ಟರುಗಳೂ ಅಂದ್ಕೊಂಡಿದ್ರು.

ಇನ್ನೊಂದು ಕೇಳು, ಇದಾದ ಮೇಲೂ ವಾದ ಮಾಡೋ ಹುಡುಗರು ನಂಗೆ ಕಮ್ಮಿ ಸಿಕ್ಕಿದ್ದಾರೆ. ಯೂರೋಪಲ್ಲಿ ಕೆಲವು ಹುಡುಗರು ವಿಪರೀತ ಎತ್ತರ ಆಗ್ತಾರೆ ಅಂತ ಅಪ್ಪ ಅಮ್ಮ ಗಾಬರಿಯಾಗಿ ಕರ್ಕೊಂಡು ಬಂದ್ರೆ, ಎತ್ತರ ನಿಲ್ಲಿಸೋಕೆ ಅಂತಾನೇ ಡಾಕ್ಟರುಗಳು ಕೊಡ್ತಿದ್ದ ಚಿಕಿತ್ಸೆ ಇತ್ತು. ಯಾವುದು ಗೊತ್ತಾ? ಟೆಸ್ಟೋಸ್ಟಿರಾನ್ ಇಂಜೆಕ್ಷನ್, 500 ಮಿಲಿಗ್ರಾಂ, ಎರಡು ವಾರಕ್ಕೊಂದ್ಸಲ. ಜಿಮ್ಮಲ್ಲಿ ಹೇಳೋ ‘ಬಿಗಿನರ್’ ಡೋಸು ಅದರ ಡಬಲ್. ಅವರಿಗೆ ಕೊಡ್ತಿದ್ದುದೇ ಬೆಳವಣಿಗೆ ಬೇಗ ಮುಗೀಲಿ ಅಂತ, ನೀನು ದುಡ್ಡು ಕೊಟ್ಟು ಅದನ್ನೇ ‘ಬೆಳೆಯೋಕೆ’ ಅಂತ ತಗೋತಿದೀಯ.

17ಕ್ಕೆ ಕೆಲವರ ಗೆರೆ ಆಗ್ಲೇ ಮುಚ್ಚಿರುತ್ತೆ ನಿಜ. ಆದ್ರೆ ಜಿಮ್ಮಲ್ಲಿ ಸೈಜ್ ಬರ್ತಿಲ್ಲ ಅಂತ ಒದ್ದಾಡೋ ಹುಡುಗರು ಯಾರು ಹೇಳು, ಕ್ಲಾಸಲ್ಲಿ ಎಲ್ರಿಗೂ ಮೀಸೆ ಬಂದು ತನಗೆ ಲೇಟಾಗಿ ಬಂದವರೇ ಜಾಸ್ತಿ. ಅವ್ರ ಗೆರೆ ಇನ್ನೂ ಅಗಲವಾಗಿ ತೆರೆದಿರುತ್ತೆ, ಇನ್ನೆರಡು ವರ್ಷ ಕಾದ್ರೆ ಎತ್ತರನೂ ಬರುತ್ತೆ ಮೈಯೂ ತುಂಬುತ್ತೆ. ಅಂದ್ರೆ ಸೂಜಿ ಆಸೆ ಯಾರಿಗೆ ಹೆಚ್ಚೋ ಅವ್ರೇ ಕಳ್ಕೊಳ್ಳೋದು ಹೆಚ್ಚು. ಪೊಲೀಸ್ ಕಾನ್ಸ್‌ಟೇಬಲ್ ಆಗೋಕೆ ನಮ್ಮಲ್ಲಿ ಗಂಡುಮಕ್ಕಳಿಗೆ 168 ಸೆಂಟಿಮೀಟರ್ ಎತ್ತರ, 86 ಸೆಂಟಿಮೀಟರ್ ಎದೆ ಕೇಳ್ತಾರೆ, ಎದೆ ಬರ್ಲಿ ಅಂತ 16ಕ್ಕೇ ಇಂಜೆಕ್ಷನ್ ಶುರುಮಾಡೋ ಹುಡುಗರಿದ್ದಾರೆ, ಎದೆಯನ್ನ ವ್ಯಾಯಾಮದಿಂದ ಆಮೇಲೂ ತರಬಹುದು, ಎತ್ತರನ ತರೋಕಾಗಲ್ಲ ಅಂತ ಯಾರೂ ಅವ್ರಿಗೆ ಹೇಳಿರಲ್ಲ.

ಮುಚ್ಚಿದ ಗೆರೆ ಥರಾನೇ ಪಿಸಿಟಿಗೆ ಬಗ್ಗದೇ ಇರೋವು ಇನ್ನೂ ಇವೆ. ಗೈನೋ, ಅಂದ್ರೆ ಗಂಡಸಿನ ಎದೆಯಲ್ಲಿ ಗಂಟಾಗಿ ಬೆಳೆಯೋ ಸ್ತನ, ಹಳೇದಾದ ಮೇಲೆ ಆಪರೇಷನ್ ಮಾಡಿಯೇ ತೆಗೀಬೇಕು. ಹುಡುಗೀರು ತಗೊಂಡ್ರೆ ದನಿ ಗಡಸಾಗುತ್ತೆ, ಅದು ಹಾಗೇ ಉಳಿಯುತ್ತೆ. ದಪ್ಪಗಾದ ಹೃದಯದ ಗೋಡೆ ಪೂರ್ತಿ ಮೊದಲಿನ ಹಾಗೆ ಆಗುತ್ತೆ ಅನ್ನೋ ಗ್ಯಾರಂಟಿನ ಯಾರೂ ಕೊಡಲ್ಲ.

ಈಗ ಜಾಣರು ಕೇಳ್ತಾರೆ, ಹಾಗಾದ್ರೆ ಈಸ್ಟ್ರೋಜನ್ ಆಗದೇ ಇರೋ ಸ್ಟಾನೊಝೊಲಾಲ್ ಮಾತ್ರೆ ತಗೋತೀನಿ ಅಂತ. ಅದು ಲಿವರಿಗೆ ಭಾರ, ಒಳ್ಳೆ ಕೊಲೆಸ್ಟ್ರಾಲ್ ಎಚ್‌ಡಿಎಲ್‌ನ ನೆಲ ಕಚ್ಚಿಸುತ್ತೆ, ವೃಷಣದ ಕೆಲಸಾನೂ ನಿಲ್ಲಿಸುತ್ತೆ. ಮತ್ತೆ ಡಬ್ಬಿ ಮೇಲೆ ಬರೆದಿರೋದೇ ಒಳಗಿದೆ ಅಂತ ಯಾರು ನೋಡಿದ್ದಾರೆ? 2011ರಲ್ಲಿ ನಮ್ಮ ದೇಶದ 4x400 ರಿಲೇ ಓಟಗಾರ್ತಿಯರು, ಅವ್ರಲ್ಲಿ ನಮ್ಮ ಕರಾವಳಿಯವರೂ ಇದ್ರು, ಮೀಥಾಂಡಿಯನೋನ್‌ಗೆ ಸಿಕ್ಕಿಬಿದ್ರು, ಅಂದ್ರೆ ಇದೇ ಡಯಾನಾಬೋಲ್. ಕೋಚ್ ತಂದುಕೊಟ್ಟ ಜಿನ್ಸೆಂಗ್ ಮಾತ್ರೇಲಿ ಬೆರೆತಿತ್ತು ಅಂತ ಅವ್ರು ವಾದ ಮಾಡಿದ್ರು, ಆದ್ರೂ ಎರಡು ವರ್ಷದ ನಿಷೇಧ ತಪ್ಪಲಿಲ್ಲ. ದೇಶಕ್ಕೆ ಓಡೋರ ಕಥೆನೇ ಹೀಗಂದ್ರೆ ಜಿಮ್ ಲಾಕರಿಂದ ಬರೋ, ಲೇಬಲ್ ಅಂಚು ಎದ್ದಿರೋ 10 ಎಂಎಲ್ ಬಾಟಲಿನ ನೀನು ಹೇಗೆ ನಂಬ್ತೀಯ?

‘ಅನುಭವ ಇರೋರು ಗೈಡ್ ಮಾಡ್ತಾರೆ ಸರ್’ ಅನ್ನೋದು ಇನ್ನೊಂದು. ಗೈಡೆನ್ಸ್ ಅಂದ್ರೆ ಪೂರ್ವ ಜರ್ಮನಿಗಿಂತ ಬೇಕಾ? 70, 80ರ ದಶಕದಲ್ಲಿ ಅಲ್ಲಿ ಸರ್ಕಾರವೇ ಡಾಕ್ಟರು, ಲ್ಯಾಬು, ರಕ್ತ ಪರೀಕ್ಷೆ ಎಲ್ಲ ಇಟ್ಕೊಂಡು ಹದಿಹರೆಯದ ಕ್ರೀಡಾಪಟುಗಳಿಗೆ ಓರಲ್ ಟುರಿನಾಬೋಲ್ ಅನ್ನೋ ಸ್ಟಿರಾಯ್ಡ್‌ನ ನೀಲಿ ಮಾತ್ರೆನ ವಿಟಮಿನ್ ಅಂತ ಹೇಳಿ ನುಂಗಿಸ್ತು. ಮೆಡಲ್ ಬಂತು. ಆ ಹುಡುಗೀರಿಗೆ ಗಡಸು ದನಿ, ಮೈಮೇಲೆ ಕೂದಲು, ಲಿವರ್ ತೊಂದ್ರೆನೂ ಬಂತು, 2000ದಲ್ಲಿ ಬರ್ಲಿನ್ ಕೋರ್ಟು ಆಗಿನ ಕ್ರೀಡಾ ಮುಖ್ಯಸ್ಥ ಮಾನ್‌ಫ್ರೆಡ್ ಎವಾಲ್ಡ್‌ಗೆ ಶಿಕ್ಷೆ ಕೊಡ್ತು.

ಆಗ್ಲೇ ತಗೊಂಡಾಗಿದೆ ಅನ್ನೋರು ಗುಟ್ಟಾಗಿ ನಿಲ್ಲಿಸಿ ಸುಮ್ಮನೆ ಕೂರಬೇಡಿ, ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ಡಾಕ್ಟರು) ಹತ್ರ ಹೋಗಿ, ಏನು ಎಷ್ಟು ತಗೊಂಡ್ರಿ ಅಂತ ಮುಚ್ಚಿಡದೇ ಹೇಳಿ. ಟೆಸ್ಟೋಸ್ಟಿರಾನ್, ಎಲ್‌ಎಚ್, ಲಿವರ್, ಕೊಲೆಸ್ಟ್ರಾಲ್, ರಕ್ತ ಗಟ್ಟಿಯಾಗಿದ್ಯಾ ಅನ್ನೋದು, ಇಷ್ಟು ನೋಡ್ತಾರೆ. ನಿಲ್ಲಿಸಿದ ಮೇಲಿನ ವಾರಗಳಲ್ಲಿ ಮನಸ್ಸು ತುಂಬಾ ಕುಸಿಯುತ್ತೆ, ಸಾಯೋ ಯೋಚನೆನೂ ಬರಬಹುದು. ಅಪ್ಪ ಅಮ್ಮ ಓದ್ತಿದ್ರೆ ಕೈಮುಗೀತೀನಿ, ಆಗ ಬೈಬೇಡಿ, ಒಂಟಿ ಬಿಡಬೇಡಿ.

ಅಪ್ಪ ಅಮ್ಮನ ಮಾತು ಬಂದಿದ್ದಕ್ಕೆ ಯಾರೂ ಕೇಳದೇ ಇರೋ ಇನ್ನೊಂದನ್ನೂ ಹೇಳಿಬಿಡ್ತೀನಿ. ಸ್ಟಿರಾಯ್ಡ್ ಅನ್ನೋ ಹೆಸರಲ್ಲಿ ಬೇರೆ ಗುಂಪೇ ಇದೆ, ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್ ಥರದ್ದು, ಅವು ಮಸಲ್ ಬೆಳೆಸಲ್ಲ, ಕರಗಿಸ್ತವೆ. ಕೆಲವು ಕಡೆ ತೆಳ್ಳಗಿರೋ ಮಕ್ಕಳಿಗೆ ‘ದಪ್ಪ ಆಗೋ ಮಾತ್ರೆ’ ಅಂತ ಚೀಟಿ ಇಲ್ಲದೇ ಕೊಡೋದು ಎಷ್ಟೋ ಸಲ ಇದೇ ಡೆಕ್ಸಾ. ಮುಖ ಉಬ್ಬುತ್ತೆ, ಎಲ್ರೂ ಮಗು ಮೈ ಹಿಡೀತು ಅಂತಾರೆ, ಒಳಗೆ ಮೂಳೆ ಸವೀತಿರುತ್ತೆ, ಎತ್ತರ ನಿಂತಿರುತ್ತೆ. ತುಂಬಾ ದಿನದಿಂದ ಕೊಡ್ತಿದ್ರೆ ಮಾತ್ರ ಭಯಬಿದ್ದು ಒಂದೇ ಸಲ ನಿಲ್ಲಿಸಬೇಡಿ, ಮೈ ತನ್ನ ಹಾರ್ಮೋನ್ ಮಾಡೋದು ಮರೆತಿರುತ್ತೆ, ಪ್ರಾಣಕ್ಕೇ ಅಪಾಯ, ಡಾಕ್ಟರು ಹೇಳಿದ ಹಾಗೆ ಇಳಿಸ್ತಾ ಬರಬೇಕು.

ಇನ್ನು ಅಸ್ತಮಾ ಇನ್ಹೇಲರ್. ಅದರಲ್ಲೂ ಸ್ಟಿರಾಯ್ಡ್ ಇದೆ ಅಂತ ಎಲ್ಲೋ ಕೇಳಿ ಮಗುಗೆ ನಿಲ್ಲಿಸೋರನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಅದು ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರ ಶ್ವಾಸಕೋಶಕ್ಕೆ ಹೋಗೋ ಔಷಧಿ, ಜಿಮ್ ಸೂಜಿಗೂ ಅದಕ್ಕೂ ಸಂಬಂಧ ಇಲ್ಲ. ನಿಲ್ಲಿಸಬೇಡಿ, ಎಳೆದ ಮೇಲೆ ನೀರು ಹಾಕಿ ಬಾಯಿ ಮುಕ್ಕಳಿಸಿ ಉಗಿಯೋಕೆ ಹೇಳಿ, ಇಲ್ಲಾಂದ್ರೆ ನಾಲಿಗೆ ಮೇಲೆ ಬೆಳ್ಳಗೆ ಫಂಗಸ್ ಕೂರುತ್ತೆ.