ಬೆಟ್ಟಿಂಗ್‌ನಲ್ಲಿ ಗೆದ್ದವರ ಪಾಡು

ಬೆಟ್ಟಿಂಗ್ ಅಂದ ಕೂಡಲೇ ಎಲ್ಲರಿಗೂ ಹೆದರಿಕೆ ಸೋಲಿನದ್ದು. ಶಿರಸಿಯಲ್ಲಿ ತೆರಿಗೆ ಲೆಕ್ಕ ನೋಡುವ ನನ್ನ ಕಚೇರಿಗೆ ಬರುವವರು ಮಾತ್ರ ಹೆಚ್ಚಾಗಿ ಗೆದ್ದವರು. ಸೋತವರು ಮನೆಯಲ್ಲೇ ಬಾಯಿ ಬಿಡುವುದಿಲ್ಲ, ನನ್ನ ಹತ್ತಿರ ಯಾಕೆ ಹೇಳುತ್ತಾರೆ?

ವಿಂಬಲ್ಡನ್ ಟೆನಿಸ್ ನಡೆಯುವುದು ಜೂನ್ ಕೊನೆ, ಜುಲೈ ಹೊತ್ತಿಗೆ. ನಮ್ಮಲ್ಲಿ ಜಡಿಮಳೆ, ಅಡಿಕೆಗೆ ಕೊಳೆ ಮದ್ದು ಹೊಡೆಯುವ ಸಮಯ. ಅಲ್ಲಿನ ಮುಖ್ಯ ಅಂಕಣ ಸೆಂಟರ್ ಕೋರ್ಟಿನ ಆಟ ನಮಗೆ ಸಂಜೆ ಆರಕ್ಕೆ ಶುರು. ಐಪಿಎಲ್‌ಗೆ ಅಂತ ತಗೊಂಡ ಐಡಿ, ಅಂದರೆ ಬಾಜಿ ಕಟ್ಟುವ ಲಾಗಿನ್, ಮೊಬೈಲಿನಲ್ಲಿ ಹಾಗೇ ಇರುತ್ತದೆ. ಟೆನಿಸ್ ಗೊತ್ತಿಲ್ಲದಿದ್ದರೂ ಇಬ್ಬರಲ್ಲಿ ಒಬ್ಬ ಗೆಲ್ಲಲೇಬೇಕು, ಡ್ರಾ ಅನ್ನುವುದೇ ಇಲ್ಲ ಎಂಬ ಧೈರ್ಯ.

ಸರಿಸಮಾನ ಆಟಗಾರರ ಪಂದ್ಯಕ್ಕೆ ಎರಡೂ ಕಡೆ 1.85 ದರ ಇದೆ, ಅಂದರೆ ಗೆದ್ದರೆ ಕಟ್ಟಿದ ಒಂದು ರೂಪಾಯಿಗೆ ಒಟ್ಟು 1.85 ಕೈಗೆ ಬರುತ್ತದೆ ಅಂದುಕೊಳ್ಳಿ. ಇಬ್ಬರ ಮೇಲೂ ಸಾವಿರ ಸಾವಿರ ಕಟ್ಟಿದರೆ ಹೋಗುವುದು 2,000, ಯಾರೇ ಗೆದ್ದರೂ ಬರುವುದು 1,850. ಉಳಿದ 150 ಬುಕ್ಕಿಯದ್ದು.

ಇನ್ನು ಆಟ ಅರ್ಧಕ್ಕೆ ನಿಂತರೆ? 2025ರ ವಿಂಬಲ್ಡನ್ ನಾಲ್ಕನೇ ಸುತ್ತಿನಲ್ಲಿ ಗ್ರಿಗೋರ್ ಡಿಮಿಟ್ರೋವ್ ಮೊದಲೆರಡು ಸೆಟ್ ಗೆದ್ದಿದ್ದರು. ಮೂರನೆಯದರಲ್ಲಿ 2-2 ಇದ್ದಾಗ ಎದೆಯ ಸ್ನಾಯುವಿಗೆ ಪೆಟ್ಟಾಗಿ ಆಟ ಬಿಟ್ಟರು. ಎದುರಿಗಿದ್ದ ಯಾನಿಕ್ ಸಿನ್ನರ್ ಮುಂದೆ ಹೋಗಿ ಕಪ್ಪನ್ನೇ ಎತ್ತಿದರು. ಇಂಥಲ್ಲಿ ಕೆಲವು ಬೆಟ್ಟಿಂಗ್ ಕಂಪನಿಗಳು ದುಡ್ಡು ವಾಪಸ್ ಕೊಡುತ್ತವೆ. ಇನ್ನು ಕೆಲವಕ್ಕೆ ಒಂದು ಸೆಟ್ ಮುಗಿದಿದ್ದರೆ ಸಾಕು, ಮುಂದಿನ ಸುತ್ತಿಗೆ ಹೋದವನೇ ಗೆದ್ದವನು. ವಾಟ್ಸಾಪ್‌ನಲ್ಲಿ ಐಡಿ ಕೊಟ್ಟವನಿಗೆ ಅವನು ಆ ಹೊತ್ತಿಗೆ ಹೇಳಿದ್ದೇ ನಿಯಮ. ಕೋರ್ಟಿಗೆ ಹೋಗಿ ವಸೂಲಿ ಮಾಡುವಂತೆಯೂ ಇಲ್ಲ. ಬಾಜಿಯ ಕರಾರಿಗೆ ಬೆಲೆಯಿಲ್ಲ ಅಂತ 1872ರ ಕರಾರು ಕಾಯ್ದೆಯಲ್ಲೇ ಇದೆ.

ನನ್ನ ಮೇಜಿಗೆ ಬರುವ ಕಷ್ಟ ಬೇರೆಯೇ. ಗೆದ್ದ ದುಡ್ಡನ್ನು ಐಡಿ ಕೊಟ್ಟವನು ತನ್ನ ಖಾತೆಯಿಂದ ಹಾಕುವುದಿಲ್ಲ. ಯಾರದ್ದೋ ಹೆಸರಿನಿಂದ ಯುಪಿಐನಲ್ಲಿ 6,000 ಬರುತ್ತದೆ ಅನ್ನಿ. ಅದೇ ಖಾತೆಗೆ ಇನ್ನೆಲ್ಲೋ ಮೋಸ ಹೋದವರ ದುಡ್ಡೂ ಬಂದಿರಬಹುದು. ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡುತ್ತಾರೆ. ದುಡ್ಡು ಹರಿದ ದಾರಿ ಹಿಡಿದು ಒಂದೊಂದೇ ಖಾತೆಗೆ ತಡೆ ಬೀಳುತ್ತದೆ. ಕೆಲವೊಮ್ಮೆ ಆ 6,000ಕ್ಕೆ ಮಾತ್ರ, ಕೆಲವೊಮ್ಮೆ ಇಡೀ ಖಾತೆಗೆ. ಅಡಿಕೆ ಮಾರಿದ ದುಡ್ಡು ಬರುವುದು, ಸಾಲದ ಕಂತು ಹೋಗುವುದು ಎಲ್ಲಾ ಆ ಖಾತೆಯಲ್ಲೇ. ಅಪ್ಪನ ಜೊತೆ ಜಂಟಿ ಖಾತೆಯಾದರಂತೂ ಕೇಳುವುದೇ ಬೇಡ.

"ಸಾರ್, ನಾನು ಬರೀ ಟೆನಿಸ್‌ಗೆ ಹಾಕಿದ್ದು" ಅನ್ನುತ್ತಾರೆ. ನಿಜವೇ ಇರಬಹುದು. ಆದರೆ ತಡೆ ತೆಗೆಯುವುದು ಬ್ಯಾಂಕ್ ಮ್ಯಾನೇಜರ್ ಕೈಯಲ್ಲಿಲ್ಲ, ದೂರು ಎಷ್ಟೋ ಸಲ ಬೇರೆ ರಾಜ್ಯದ ಠಾಣೆಯದ್ದು. ಈ ದುಡ್ಡು ಎಲ್ಲಿಂದ ಬಂತು ಅಂತ ಆ ಠಾಣೆಯವರು ಕೇಳಿದಾಗ ತೋರಿಸಲು, ಅಡಿಕೆ ಮಾರಿದ್ದು ಅಂತ ಒಂದು ಚೀಟಿ ಮಾಡಿಕೊಡಿ ಅನ್ನುವವರಿದ್ದಾರೆ. ನಾನು ಕೊಡುವುದಿಲ್ಲ. ಬೇರೆ ಯಾರಾದರೂ ಕೊಟ್ಟರೂ ತಗೊಳ್ಳಬೇಡಿ.

2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ದುಡ್ಡಿನ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ ಇದೆ. ಆಡಿದವರಿಗೆ ಅದರಲ್ಲಿ ಶಿಕ್ಷೆ ಇಲ್ಲ. ಹಾಗಂತ ತೆರಿಗೆ ಇಲಾಖೆ ಸುಮ್ನೆ ಬಿಡುವುದಿಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತ ರಿಟರ್ನ್ಸೇ ಹಾಕದ ಮನೆಗಳು ನಮ್ಮಲ್ಲಿ ಜಾಸ್ತಿ. ಬೆಟ್ಟಿಂಗ್ ಗೆಲುವು ಕೃಷಿ ಆದಾಯ ಅಲ್ವಲ್ಲ! ಅದಕ್ಕೆ ಶೇ 30 ತೆರಿಗೆ, ಮೇಲೆ ಸೆಸ್. 40,000 ಗೆದ್ದರೆ 12,480 ಸರ್ಕಾರಕ್ಕೆ. ಸೋತದ್ದನ್ನು ಅಂಗಡಿ ಲಾಭದಲ್ಲೋ ಸಂಬಳದಲ್ಲೋ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ.

ಖಾತೆಗೆ ತಡೆ ಬಿದ್ದಿದ್ದರೆ ಮೊದಲು ಬ್ಯಾಂಕಿಗೆ ಅರ್ಜಿ ಕೊಟ್ಟು ದೂರಿನ ನಂಬರ್, ಠಾಣೆ ಯಾವುದು, ಎಷ್ಟು ಮೊತ್ತದ ತಕರಾರು ಅಂತ ಬರವಣಿಗೆಯಲ್ಲಿ ಕೇಳಿ. ಆ ಮೊತ್ತವನ್ನಷ್ಟೇ ಹಿಡಿದು ಉಳಿದದ್ದನ್ನು ಬಿಡಿ ಅಂತ ಆ ಠಾಣೆಗೂ ಬರೆಯಿರಿ. ಹೆದರಿಕೊಂಡು ವಾಟ್ಸಾಪ್ ಚಾಟ್ ಅಳಿಸಬೇಡಿ. ಆ ದುಡ್ಡು ಯಾಕೆ ಬಂತು ಅಂತ ತೋರಿಸಲು ನಿಮ್ಮ ಹತ್ತಿರ ಇರುವ ದಾಖಲೆ ಅದೊಂದೇ.