ಮೈಕ್ರೋ ಲೇಸರ್ ವೈರಸ್ಸಿನ ಹೆಸರು ಹೇಳುತ್ತಾ?

ಪ್ರಶ್ನೆ: ಒಂದೇ ಒಂದು ವೈರಸ್ ಇದ್ದರೂ ಪತ್ತೆ ಮಾಡುವ ಮೈಕ್ರೋ ಲೇಸರ್ ಬಂದಿದೆಯಂತೆ. ಹಾಗಾದರೆ ಒಂದು ಹನಿ ರಕ್ತ ಹಾಕಿದರೆ ಯಾವ ರೋಗ ಅಂತ ಅದೇ ಹೇಳಿಬಿಡುತ್ತಾ?

ಹೇಳಲ್ಲ. ಈ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತಲೇ ಇರುತ್ತದೆ. ಈ ಸಲ ಬಿಡಿಸಿ ಬರೆಯುತ್ತೇನೆ, ಇನ್ನು ಯಾರಾದರೂ ಕೇಳಿದರೆ ಇದನ್ನೇ ತೋರಿಸಿದರಾಯಿತು.

ವಿಜಯಪುರದ ಗೋಳಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಗೋಡೆ ಹತ್ತಿರ ಪಿಸುಗುಟ್ಟಿದರೆ ಎದುರು ಬದಿಯವರಿಗೆ ಕೇಳುತ್ತದೆ, ಅಲ್ವಾ? ಶಬ್ದ ಬಾಗಿದ ಗೋಡೆಯನ್ನು ಬಿಡದೆ ಸುತ್ತಿಕೊಂಡು ಹೋಗುತ್ತದೆ. ಲಂಡನ್ನಿನ ಸೇಂಟ್ ಪಾಲ್ಸ್ ಗುಮ್ಮಟದಲ್ಲೂ ಹೀಗೇ ಆಗುತ್ತದೆ. ಅದರ ಗಣಿತವನ್ನು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲೀ 1910ರಲ್ಲಿ ಬರೆದರು. ನಮ್ಮ ಗೋಳಗುಮ್ಮಟವನ್ನು ಸಿ.ವಿ. ರಾಮನ್ ಅವರೇ ಅಧ್ಯಯನ ಮಾಡಿದ್ದಾರೆ. ಮೈಕ್ರೋ ಲೇಸರಿನಲ್ಲಿ ನಡೆಯುವುದೂ ಇದೇ. ಶಬ್ದದ ಬದಲು ಬೆಳಕು, ಅಷ್ಟೇ.

ಆಪ್ಟಿಕಲ್ ಫೈಬರಿನ ತುದಿಯನ್ನು ಜ್ವಾಲೆಗೆ ಹಿಡಿದರೆ ಗಾಜು ಕರಗಿ ತಾನೇ ಗುಂಡಗಾಗುತ್ತದೆ. ಆ ಗುಂಡು 100 ಮೈಕ್ರಾನ್ ಅಡ್ಡಳತೆಯದು ಅಂದುಕೊಳ್ಳಿ, ಹೆಚ್ಚುಕಡಿಮೆ ಕೂದಲಿನ ದಪ್ಪ. ಗಾಜು ಚೆನ್ನಾಗಿ ನುಣುಪಾಗಿದ್ದರೆ ಒಳಗೆ ಹೊಕ್ಕ ಬೆಳಕು ಆರುವ ಮೊದಲು ಐವತ್ತು ಸಾವಿರಕ್ಕೂ ಜಾಸ್ತಿ ಸುತ್ತು ಹಾಕುತ್ತದೆ. ಹೀಗೆ ಸುತ್ತುವಾಗ ಬೆಳಕಿನ ಒಂದಿಷ್ಟು ಭಾಗ ಗಾಜಿನಿಂದ ಸ್ವಲ್ಪವೇ ಸ್ವಲ್ಪ ಆಚೆ ಚಾಚಿಕೊಂಡಿರುತ್ತದೆ. 100 ನ್ಯಾನೋಮೀಟರಿನ, ಅಂದರೆ ಗುಂಡಿನ ಅಡ್ಡಳತೆಯ ಸಾವಿರದ ಒಂದು ಭಾಗದಷ್ಟಿರುವ, ಒಂದು ಫ್ಲೂ ವೈರಸ್ ಬಂದು ಗಾಜಿಗೆ ಅಂಟಿದರೆ ಪ್ರತಿ ಸುತ್ತಿನಲ್ಲೂ ಬೆಳಕು ಅದನ್ನು ಸವರಿಕೊಂಡೇ ಹೋಗಬೇಕು. ಸುತ್ತಿನ ದಾರಿ ಒಂಚೂರು ಉದ್ದವಾದ ಹಾಗಾಗುತ್ತದೆ, ಗುಂಡಿಗೆ ಒಗ್ಗುವ ಬೆಳಕಿನ ಬಣ್ಣ ಒಂಚೂರು ಕೆಂಪಿನ ಕಡೆಗೆ ಸರಿಯುತ್ತದೆ. ನಾವು ಅಳೆಯುವುದು ಆ ಸರಿದ ದೂರವನ್ನು.

ಅದನ್ನು ಮಾತ್ರ. ಗೊಂದಲ ಶುರುವಾಗುವುದೇ ಇಲ್ಲಿ.

ದಿನಸಿ ಅಂಗಡಿಯ ತಕ್ಕಡಿ ಕಾಲು ಕೆಜಿ ಅನ್ನುತ್ತದೆ, ಮೇಲಿರುವುದು ರಾಗಿಯೋ ಅಕ್ಕಿಯೋ ಅಂತ ಹೇಳುವುದಿಲ್ಲ. ಬೆಳಕಿನದೂ ಅದೇ ಕತೆ. ಫ್ಲೂ ವೈರಸ್ ಅಂಟಿದರೂ ಬಣ್ಣ ಸರಿಯುತ್ತದೆ, ರಕ್ತದಲ್ಲಿರುವ ಯಾವುದೋ ಪ್ರೋಟೀನ್ ಬಂದು ಕೂತರೂ ಸರಿಯುತ್ತದೆ. ಅಷ್ಟೇಕೆ, ಏನೂ ಅಂಟದೆ ನೀರು ಸುಮ್ನೆ ಬೆಚ್ಚಗಾದರೂ ಸರಿಯುತ್ತದೆ! 1550 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಗಾಜು 1 ಡಿಗ್ರಿ ಬಿಸಿಯಾದರೆ ಬಣ್ಣ ಸುಮಾರು 10 ಪಿಕೋಮೀಟರ್ (ಪಿಕೋಮೀಟರ್ ಅಂದರೆ ನ್ಯಾನೋಮೀಟರಿನ ಸಾವಿರದ ಒಂದು ಭಾಗ) ಜರುಗುತ್ತದೆ. ಇಂಥ ಗುಂಡಿನ ಮೇಲೆ ಒಂದು ಫ್ಲೂ ವೈರಸ್ ಕೂತರೆ ಅದರ ನೂರನೇ ಒಂದು ಭಾಗದಷ್ಟೂ ಜರುಗುವುದಿಲ್ಲ.

"ಆದರೆ 2008ರಲ್ಲೇ ಒಂಟಿ ವೈರಸ್ ಪತ್ತೆ ಮಾಡಿದ್ದರಲ್ಲ" ಅನ್ನುತ್ತೀರಿ. ಹೌದು, ಫ್ರಾಂಕ್ ವೋಲ್ಮರ್ ಮತ್ತು ಸ್ಟೀಫನ್ ಆರ್ನಾಲ್ಡ್ ಅವರ ತಂಡ ಮಾಡಿತ್ತು. ಒಂದೊಂದು ವೈರಸ್ ಅಂಟಿದಾಗಲೂ ಗ್ರಾಫಿನಲ್ಲಿ ಒಂದೊಂದು ಮೆಟ್ಟಿಲು ಬಿತ್ತು. ಸೊಗಸಾದ ಪ್ರಯೋಗ. ಆದರೆ ಆ ದ್ರವಕ್ಕೆ ಇನ್‌ಫ್ಲುಯೆಂಜಾ ವೈರಸ್ ಹಾಕಿದ್ದು ಅವರೇ! ಗುರುತು ಹಿಡಿಯುವ ಪ್ರಶ್ನೆ ಅಲ್ಲಿ ಏಳಲೇ ಇಲ್ಲ. ಗುರುತು ಹಿಡಿಯಬೇಕಾದರೆ ಗಾಜಿನ ಮೈಗೆ ಪ್ರತಿಕಾಯ (ಆಂಟಿಬಾಡಿ) ಲೇಪಿಸಬೇಕು. ಫ್ಲೂ ಪ್ರತಿಕಾಯ ಫ್ಲೂ ವೈರಸ್ಸನ್ನೇ ಹಿಡಿದುಕೊಳ್ಳುತ್ತದೆ. ಹೆಸರು ಹೇಳುವ ಕೆಲಸ ಆ ರಸಾಯನದ್ದು. ಡೆಂಗಿ ಹುಡುಕಬೇಕಾದರೆ ಬೇರೆ ಲೇಪ ಬೇಕು. ರಕ್ತದಲ್ಲಿರುವ ಬೇರೆಲ್ಲ ಪ್ರೋಟೀನುಗಳು ಅಂಟದ ಹಾಗೆ ನೋಡಿಕೊಳ್ಳುವುದು ಇನ್ನೊಂದು ತಲೆನೋವು.

ಮತ್ತೆ ಲೇಸರ್ ಯಾಕೆ ಬೇಕು? ಸಾದಾ ಗಾಜಿನ ಗುಂಡಿಗೆ ಹೊರಗಿನಿಂದ ಇನ್ನೊಂದು ಲೇಸರಿನ ಬೆಳಕು ಹಾಯಿಸಿ, ಅದರ ಬಣ್ಣ ಬದಲಿಸುತ್ತಾ ಗುಂಡಿಗೆ ಒಗ್ಗುವ ಬಣ್ಣ ಹುಡುಕಬೇಕು. ಗಾಜಿಗೆ ಎರ್ಬಿಯಂ ಅನ್ನುವ ಲೋಹ ಬೆರೆಸಿದರೆ, ಹೊರಗಿನಿಂದ ಕೊಟ್ಟ ಬೆಳಕಿನ ಬಲದಿಂದ ಆ ಗಾಜೇ ಲೇಸರ್ ಆಗುತ್ತದೆ. 2011ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲಾನ್ ಯಾಂಗ್ ತಂಡ ಗುಂಡಿನ ಬದಲು ಇಂಥದೇ ಗಾಜಿನ ಉಂಗುರದಲ್ಲಿ ಒಂದು ಜಾಣತನ ತೋರಿಸಿತು. ಕಣ ಅಂಟಿದರೆ ಲೇಸರಿನ ಒಂದು ಬಣ್ಣ ಒಡೆದು ಎರಡಾಗುತ್ತದೆ. ಎರಡರ ನಡುವಿನ ಅಂತರ ಅಳೆದರೆ ಸಾಕು. ಬಿಸಿಯಾದರೆ ಎರಡೂ ಒಟ್ಟಿಗೆ ಜರುಗುತ್ತವೆ, ಅಂತರ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಶಾಖದ ಕಾಟ ಬಹುಪಾಲು ಹೋಯಿತು. ಹೆಸರು? ಅದು ಇಲ್ಲೂ ಸಿಗುವುದಿಲ್ಲ.

ಯಾರೂ ಕೇಳದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ, ಯಾಕಂದ್ರೆ ನನಗೆ ಇದೇ ಜಾಸ್ತಿ ಇಷ್ಟ. ಈ ಲೇಸರನ್ನು ಜೀವಕೋಶದ ಒಳಗೇ ಇಡಬಹುದು. 2015ರಲ್ಲಿ ಮಾತ್ಯಾಜ್ ಹುಮಾರ್ ಮತ್ತು ಸೋಕ್ ಹ್ಯುನ್ ಯುನ್ ಹೊಳೆಯುವ ಬಣ್ಣದ್ರವ್ಯ (ಡೈ) ಬೆರೆಸಿದ ಎಣ್ಣೆಯ ಹನಿಯನ್ನು ಕೋಶದೊಳಗೆ ಚುಚ್ಚಿ ಲೇಸರ್ ಮಾಡಿದರು. ಕೋಶ ಹನಿಯನ್ನು ಒತ್ತಿದರೆ ಅದರ ಗುಂಡಗಿನ ಆಕಾರ ಕೆಡುತ್ತದೆ, ಬೆಳಕಿನ ಬಣ್ಣಗಳು ಸೀಳುತ್ತವೆ. ಅದರಿಂದ ಕೋಶದೊಳಗಿನ ಒತ್ತಡ ಲೆಕ್ಕ ಹಾಕಬಹುದು, 20 ಪ್ಯಾಸ್ಕಲ್‌ನಷ್ಟು ಸಣ್ಣ ವ್ಯತ್ಯಾಸವೂ ಸಿಗುತ್ತದೆ. ಕೊಬ್ಬಿನ ಕೋಶದಲ್ಲಂತೂ ಹನಿ ಹೊರಗಿನಿಂದ ಹಾಕಬೇಕಾಗಿಯೇ ಇಲ್ಲ, ಅಲ್ಲೇ ಇರುತ್ತದೆ. ಹಾಗಂತ ಈ ಲೇಸರ್ ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಹೊರಗಿನಿಂದ ಬೆಳಕಿನ ಮಿಂಚು ಕೊಡಬೇಕು. ಮೈಯೊಳಗೆ ಆಳಕ್ಕೆ ಆ ಬೆಳಕು ಇಳಿಯುವುದೇ ಕಷ್ಟ. ಅದಕ್ಕೇ ಈ ಕೆಲಸ ಹೆಚ್ಚಾಗಿ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲೇ ನಡೆಯುತ್ತಿದೆ.