ಬೇಸಿಗೆಯಲ್ಲಿ ನಿಂತ ಸುರಂಗ ಜುಲೈನಲ್ಲಿ ನಿಲ್ಲುತ್ತದಾ? ದುರ್ಬಲ ಬಂಡೆಯ ಟಿಪ್ಪಣಿ

ಸುರಂಗದ ಪಾಠ ಬಂದಾಗ ಎಲ್ಲರೂ ಮೊದಲು ಕೇಳುವುದು "ಕಲ್ಲು ಗಟ್ಟಿ ಇದೆಯಾ?" ಅಂತ. ಆ ಪ್ರಶ್ನೆಗೆ ಅರ್ಧ ಮಾರ್ಕ್ಸ್ ಅಷ್ಟೇ. ಆಗುಂಬೆ, ಹುಲಿಕಲ್ ಕಡೆ ರಸ್ತೆಗೆಂದು ಗುಡ್ಡ ಕಡಿದ ಜಾಗದಲ್ಲಿ ಸುತ್ತಿಗೆ ಹಿಡಿದು ನಿಂತರೆ ಗೊತ್ತಾಗುತ್ತದೆ. ಹೊಡೆದರೆ ಠಣ್ ಅನ್ನುವ ಕಲ್ಲೇ ಇರಬಹುದು, ಆದರೆ ಮೂರು ದಿಕ್ಕಿನ ಬಿರುಕು ಕೂಡಿದ ಕಡೆ ಬೆಣೆಯಂಥ ತುಂಡು ಸಲೀಸಾಗಿ ಕಳಚಿಕೊಳ್ಳುತ್ತದೆ. ಸುರಂಗದ ಸೂರಿನಿಂದ ಮೊದಲು ಬೀಳುವುದೂ ಇಂಥದ್ದೇ ತುಂಡು. ಹಳೇ ಕಲ್ಲಿನ ಕಮಾನಿನಿಂದ ಒಂದು ಕಲ್ಲು ಎಳೆದ ಹಾಗೆ, ಅದು ಬಿದ್ದ ಮೇಲೆ ಪಕ್ಕದ್ದಕ್ಕೆ ಆಸರೆ ಇಲ್ಲ.

ಹಾಗಾಗಿ ಅಳೆಯಬೇಕಾದ್ದು ಬಿರುಕು. ಕೊರೆದು ತೆಗೆದ ಕೋರ್‌ನಲ್ಲಿ, ಅಂದರೆ ಕಲ್ಲಿನ ದಿಂಡಿನಲ್ಲಿ, 10 ಸೆಂ.ಮೀ. ಅಥವಾ ಅದಕ್ಕಿಂತ ಉದ್ದದ ತುಂಡುಗಳನ್ನಷ್ಟೇ ಕೂಡಿ, ಒಟ್ಟು ಉದ್ದದಿಂದ ಭಾಗಿಸಿದರೆ ಆರ್‌ಕ್ಯೂಡಿ, ಅಂದರೆ ಬಂಡೆ ಎಷ್ಟು ಒಡೆಯದೆ ಉಳಿದಿದೆ ಅನ್ನುವ ಶೇಕಡಾ ಅಳತೆ. 150 ಸೆಂ.ಮೀ. ಕೊರೆದಿದ್ದೀರಿ, 22, 14, 11 ಸೆಂ.ಮೀ.ನ ಮೂರು ತುಂಡು ಸಿಕ್ಕಿತು, ಉಳಿದದ್ದೆಲ್ಲ ಚೂರು ಅಂದುಕೊಳ್ಳಿ. 47 ಭಾಗಿಸು 150, ಅಂದರೆ ಶೇ. 31. ಕಳಪೆ.

ಇನ್ನು ಆರ್‌ಎಂಆರ್, ಅಂದರೆ ಬಂಡೆಗೆ 100ಕ್ಕೆ ಅಂಕ ಹಾಕಿ ಐದು ವರ್ಗ ಮಾಡುವ ಲೆಕ್ಕ; ಒಂದನೇ ವರ್ಗ ಎಲ್ಲಕ್ಕಿಂತ ಒಳ್ಳೆಯದು. ಬಿಯೆನಿಯಾವ್‌ಸ್ಕಿ 1973ರಲ್ಲಿ ಕೊಟ್ಟ ಪದ್ಧತಿ, ನಾವು ಬಳಸುವ ಕೋಷ್ಟಕ 1989ರದ್ದು. ಮೇಲಿನ ಬಂಡೆಗೇ ಅಂಕ ಹಾಕೋಣ. ಕಲ್ಲಿನ ಬಲ 7, ಆರ್‌ಕ್ಯೂಡಿ 8, ಬಿರುಕುಗಳ ಅಂತರ 8, ಬಿರುಕಿನ ಮೈ 20, ನೀರಿಲ್ಲ ಅಂತ 15. ಒಟ್ಟು 58. ಬಿರುಕಿನ ದಿಕ್ಕಿಗೆ 5 ಕಳೆದರೆ 53, ಮೂರನೇ ವರ್ಗ. ಈಗ ಅದೇ ಬಂಡೆಗೆ ಮಲೆನಾಡಿನ ಮಳೆಗಾಲ ತನ್ನಿ. ನೀರು ಹರಿಯುತ್ತಿದ್ದರೆ 15ರ ಜಾಗದಲ್ಲಿ ಸೊನ್ನೆ. 38 ಆಯ್ತು, ನಾಲ್ಕನೇ ವರ್ಗ. ಕಲ್ಲು ಬದಲಾಗಿಲ್ಲ, ತಿಂಗಳು ಬದಲಾಯಿತು ಅಷ್ಟೇ! ಬಿರುಕಿನಲ್ಲಿ ಜೇಡಿ ತುಂಬಿದ್ದರೆ ಆ 20ಕ್ಕೂ ಕತ್ತರಿ ಬೀಳುತ್ತದೆ.

ಈ ವರ್ಗ ಬದಲಾವಣೆ ಸುಮ್ನೆ ಅಲ್ಲ. ಆಸರೆ ಇಲ್ಲದೆ ಸೂರು ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದಕ್ಕೆ ಸ್ಟ್ಯಾಂಡ್-ಅಪ್ ಟೈಮ್ ಅನ್ನುತ್ತಾರೆ. ಮೂರನೇ ವರ್ಗದಲ್ಲಿ 5 ಮೀಟರ್ ಅಗಲಕ್ಕೆ ಸರಾಸರಿ ಒಂದು ವಾರ. ನಾಲ್ಕನೆಯದರಲ್ಲಿ 2.5 ಮೀಟರಿಗೆ 10 ಗಂಟೆ. ಐದನೆಯದರಲ್ಲಿ 1 ಮೀಟರಿಗೆ ಅರ್ಧ ಗಂಟೆ, ಅಂದರೆ ಟೀ ಕುಡಿದು ಬರುವಷ್ಟೂ ಪುರುಸೊತ್ತಿಲ್ಲ.

ಹಾಗಾದರೆ 10 ಮೀಟರ್ ಅಗಲದ ರಸ್ತೆ ಸುರಂಗ ತೋಡುವುದು ಹೇಗೆ? ಇಲ್ಲಿ ಲೆಕ್ಕಕ್ಕೆ ಬರುವುದು ಎರಡು ಅಳತೆಗಳಲ್ಲಿ ಚಿಕ್ಕದು: ಒಂದು ಸುರಂಗದ ಅಗಲ, ಇನ್ನೊಂದು ಫೇಸ್‌ನಿಂದ (ತೋಡುತ್ತಿರುವ ಮುಂದಿನ ಗೋಡೆಯಿಂದ) ಕೊನೆಯ ಆಸರೆವರೆಗಿನ ದೂರ. ಅಗಲ ಕಡಿಮೆ ಮಾಡೋಕಾಗಲ್ಲ, ದೂರ ಮಾಡಬಹುದು. ಅದಕ್ಕೇ ದುರ್ಬಲ ಬಂಡೆಯಲ್ಲಿ ಒಂದೊಂದು ಸಲಕ್ಕೆ ಮೀಟರಿನಷ್ಟೇ ಮುಂದೆ ಹೋಗಿ, ತಕ್ಷಣ ಶಾಟ್‌ಕ್ರೀಟ್ (ರಭಸದಿಂದ ಸಿಂಪಡಿಸುವ ಕಾಂಕ್ರೀಟ್) ಹೊಡೆದು, ಉಕ್ಕಿನ ರಿಬ್ (ಕಮಾನಿನಂತೆ ಬಾಗಿಸಿದ ತೊಲೆ) ನಿಲ್ಲಿಸಿ, ರಾಕ್ ಬೋಲ್ಟ್ (ಬಂಡೆಯೊಳಗೆ ಕೂರಿಸುವ ಉಕ್ಕಿನ ಸರಳು) ಹಾಕುತ್ತಾರೆ. ತೀರಾ ಸಡಿಲ ಇದ್ದರೆ ತೋಡುವ ಮೊದಲೇ ಸೂರಿನ ಮೇಲ್ಭಾಗಕ್ಕೆ ಸಾಲಾಗಿ ಪೈಪ್ ತೂರಿಸಿ ಗ್ರೌಟ್ (ಸಿಮೆಂಟಿನ ತೆಳು ಗಾರೆ) ತುಂಬುತ್ತಾರೆ. ಅಗಲದ ಮಹಿಮೆ ನೋಡಬೇಕಾ? ದಕ್ಷಿಣ ಕನ್ನಡ, ಕಾಸರಗೋಡಿನ ನೀರಿನ ಸುರಂಗಗಳು ಒಬ್ಬರು ನುಸುಳುವಷ್ಟೇ ಅಗಲ. ಜಂಬಿಟ್ಟಿಗೆಯಲ್ಲಿ ಕೈಯಿಂದ ತೋಡಿದವು, ಎಷ್ಟೋ ಕಡೆ ಆಸರೆ ಇಲ್ಲದೆ ನಿಂತಿವೆ.

ನಮ್ಮ ಕಡೆ ಜಾಸ್ತಿ ತಲೆನೋವು ಸುರಂಗದ ಬಾಯಿಯಲ್ಲಿ. ಮೇಲೆ ಜಂಬಿಟ್ಟಿಗೆ, ಕೆಳಗೆ ಮೆದು ಜೇಡಿ, ಅದರ ಕೆಳಗೆ ಅರೆಬರೆ ಕೊಳೆತ ಕಲ್ಲು, ಆಮೇಲೆ ಬಂಡೆ. ಬಾಯಿ ತೆರೆಯುವುದು ಈ ಜೇಡಿಯಲ್ಲೇ, ನೆನೆದರೆ ಅದಕ್ಕೆ ಬಲವೇ ಇಲ್ಲ. ರೈಲು ಓಡುತ್ತಿದ್ದ ಸುರಂಗವೂ ಇದರಿಂದ ಹೊರತಲ್ಲ. ಕೊಂಕಣ ರೈಲ್ವೆಯ, ಗೋವಾದ ಪೆರ್ನೆಂ ಸುರಂಗದ ಗೋಡೆ 2020ರ ಆಗಸ್ಟ್ ಮಳೆಯಲ್ಲಿ ಕುಸಿದು ರೈಲುಗಳು ಬೇರೆ ದಾರಿ ಹಿಡಿಯಬೇಕಾಯಿತು.

ಮುನ್ಸೂಚನೆಗಳಲ್ಲಿ ನಾನು ಮೊದಲು ಬರೆಯುವುದು ನೀರಿನ ಬಣ್ಣ. ತಿಳಿಯಾಗಿ ತೊಟ್ಟಿಕ್ಕುತ್ತಿದ್ದದ್ದು ಕೆಂಪಗೆ ಬಂದರೆ ಬಿರುಕಿನೊಳಗಿನ ಮಣ್ಣು ಕೊಚ್ಚಿಕೊಂಡು ಬರುತ್ತಿದೆ ಅಂತ ಅರ್ಥ. ಮೊದಲು ಜನ ಹೊರಗೆ, ಅಳತೆ ಆಮೇಲೆ. ಶಾಟ್‌ಕ್ರೀಟ್‌ನಲ್ಲಿ ಹೊಸ ಬಿರುಕು, ಬಾಗಿದ ರಿಬ್ ಕೂಡ ಇದೇ ಸಾಲಿನವು. ಗೋಡೆಗಳು ಒಳಗೆ ಸರಿಯುವ ವೇಗ ದಿನದಿಂದ ದಿನಕ್ಕೆ ಇಳಿಯಬೇಕು. ಇಳಿದದ್ದು ಮತ್ತೆ ಏರಿತು ಅಂದರೆ ಕೆಲಸ ನಿಲ್ಲಿಸಿ.

ಈ ಅಳತೆ ಫೇಸ್ ಹತ್ತಿರ ಮಾತ್ರ ಸಾಲದು. ಉತ್ತರಾಖಂಡದ ಸಿಲ್ಕ್ಯಾರಾದಲ್ಲಿ 2023ರ ನವೆಂಬರ್ 12ರಂದು ಕುಸಿದದ್ದು ಕೆಲಸಗಾರರ ಹಿಂದೆ, ಅವರು ಆಗಲೇ ದಾಟಿ ಹೋಗಿದ್ದ ಭಾಗ. ಸುಮಾರು 60 ಮೀಟರ್ ಮಣ್ಣುಕಲ್ಲಿನ ಆಚೆ 41 ಜನ ಸಿಕ್ಕಿಕೊಂಡರು, ಎಲ್ಲರೂ ಹೊರಬಂದದ್ದು 28ರ ರಾತ್ರಿ.